ಶಿರಸಿಯ ಸ್ಪೋಕನ್ ಇಂಗ್ಲಿಷ್ ತರಗತಿ: ‘ಸಮ್‌ಥಿಂಗ್, ಎನಿಥಿಂಗ್, ನಥಿಂಗ್’ ಪಾಠದ ವಿಮರ್ಶೆ

ಶಿರಸಿ ಪೇಟೆಯಲ್ಲಿ ಸಂಜೆ ಹೊತ್ತು ನಡೆಯುವ ಒಂದು ಸ್ಪೋಕನ್ ಇಂಗ್ಲಿಷ್ ತರಗತಿಯ ವಿಮರ್ಶೆ ಇದು. ಆರು ವಾರ, ದಿನಕ್ಕೊಂದು ತಾಸು. ಕಾಲೇಜು ಹುಡುಗರು, ಅಂಗಡಿಯವರು, ಹೋಮ್‌ಸ್ಟೇ ನಡೆಸುವವರು ಒಟ್ಟಿಗೇ ಕೂರುತ್ತಾರೆ. ಇಡೀ ಕೋರ್ಸನ್ನು ಅಳೆಯುವ ಬದಲು ಮೂರನೇ ವಾರದ ಪಾಠವನ್ನಷ್ಟೇ ಇಲ್ಲಿ ತೂಗಿದೆ. ಸಮ್‌ವನ್, ಎನಿವನ್, ನೋ ವನ್, ಸಮ್‌ಥಿಂಗ್, ಎನಿಥಿಂಗ್, ನಥಿಂಗ್ ಕಲಿಸುವ ವಾರ ಅದು. ಟೆನ್ಸ್‌ಗಳನ್ನು ಚೆನ್ನಾಗಿ ಕಲಿತವರೂ ಕ್ರಿಯಾಪದ ಆದಮೇಲೆ ಬರುವ ಈ ಪುಟ್ಟ ಪದಗಳಲ್ಲಿ ಎಡವುತ್ತಾರೆ. ಹಾಗಾಗಿ ಯಾವುದೇ ತರಗತಿಯ ಗಟ್ಟಿತನ ಇಲ್ಲಿ ಗೊತ್ತಾಗುತ್ತದೆ.

ಮೊದಲ ದಿನ ಬೋರ್ಡಿನ ಮೇಲೆ ಬರುವುದು ಹಳೆಯ ಸೂತ್ರ: ಹೌದು ಎನ್ನುವ ವಾಕ್ಯಕ್ಕೆ ‘ಸಮ್’, ಇಲ್ಲ ಎನ್ನುವುದಕ್ಕೂ ಪ್ರಶ್ನೆಗೂ ‘ಎನಿ’. ಇದು ಅರ್ಧ ನಿಜ. ಮನೆಗೆ ಬಂದವರಿಗೆ ‘ವುಡ್ ಯು ಲೈಕ್ ಸಮ್‌ಥಿಂಗ್ ಟು ಡ್ರಿಂಕ್?’ ಅನ್ನುತ್ತೇವೆ. ಅದು ಪ್ರಶ್ನೆಯೇ, ಆದರೂ ‘ಸಮ್’ ಬಂತು. ಕೇಳುವವರ ಮನಸ್ಸಿನಲ್ಲಿ ‘ಹೌದು’ ಎಂಬ ಉತ್ತರದ ನಿರೀಕ್ಷೆ ಇದೆ, ಉಪಚಾರ ಇದೆ. ‘ಎನಿವನ್ ಕ್ಯಾನ್ ಕಮ್’ ಹೌದು ಎನ್ನುವ ವಾಕ್ಯ, ಅಲ್ಲಿ ‘ಎನಿ’ ಬಂತು. ಹೋಮ್‌ಸ್ಟೇಯವರಿಗೆ ದಿನಬೆಳಗಾದರೆ ಬೇಕಾಗುವ ವಾಕ್ಯಗಳೇ ಇವು. ತರಗತಿಯಲ್ಲಿ ಇವನ್ನು ‘ಎಕ್ಸೆಪ್ಷನ್’ ಎಂದು ಹೇಳಿ ಎರಡು ನಿಮಿಷದಲ್ಲಿ ಮುಗಿಸುತ್ತಾರೆ.

ಕನ್ನಡದಿಂದ ಹೊರಟಿದ್ದರೆ ದಾರಿ ಎಷ್ಟೋ ಹಗುರಾಗುತ್ತಿತ್ತು. ನಮ್ಮಲ್ಲಿ ‘ಯಾರು’ ಎಂಬ ಒಂದೇ ಪದಕ್ಕೆ ಬೇರೆ ಬೇರೆ ಬಾಲ ಅಂಟುತ್ತದೆ. ‘ಯಾರೋ ಬಂದಿದ್ದಾರೆ’: ಒಬ್ಬರು ಬಂದದ್ದು ಖಚಿತ, ಯಾರೆಂದು ಗೊತ್ತಿಲ್ಲ. ಇದು ಯಾವತ್ತೂ ‘ಸಮ್‌ವನ್’. ‘ಯಾರು ಬೇಕಾದರೂ ಬರಬಹುದು’ ಎಂಬುದು ಯಾವತ್ತೂ ‘ಎನಿವನ್’. ನಡುವಿನ ‘ಯಾರಾದರೂ’ ಮಾತ್ರ ಎರಡು ದೋಣಿಯಲ್ಲಿ ಕಾಲಿಡುತ್ತದೆ. ‘ಯಾರಾದರೂ ಫೋನ್ ಮಾಡಿದರೆ ಹೇಳಿ’ ಎಂಬಲ್ಲಿ ‘ಇಫ್ ಎನಿವನ್ ಕಾಲ್ಸ್’ ಸರಿ. ‘ಯಾರಾದರೂ ಬಾಗಿಲು ತೆಗೀರಿ’ ಎಂಬಲ್ಲಿ ಬೇಕಾದದ್ದು ‘ಸಮ್‌ವನ್ ಓಪನ್ ದ ಡೋರ್, ಪ್ಲೀಸ್’. ಕೆಲಸ ಆಗಲೇಬೇಕು, ಒಬ್ಬರು ಏಳಲೇಬೇಕು, ಅದಕ್ಕೇ ‘ಸಮ್’. ತರಗತಿಯ ಪುಸ್ತಿಕೆಯಲ್ಲಿ ‘ಯಾರಾದರೂ = ಎನಿವನ್’ ಎಂದು ಒಂದೇ ಸಾಲು ಅಚ್ಚಾಗಿದೆ. ಇದನ್ನು ತಿದ್ದಲೇಬೇಕು.

ಇನ್ನೊಂದು ಬಾಲ ‘ಊ’. ‘ನನಗೆ ಏನೂ ಗೊತ್ತಿಲ್ಲ’ ಎಂಬುದನ್ನು ಇಂಗ್ಲಿಷಿಗೆ ತರುವಾಗ ‘ಏನೂ’ಗೆ ‘ನಥಿಂಗ್’, ‘ಇಲ್ಲ’ಕ್ಕೆ ‘ಡೋಂಟ್’ ಎಂದು ಹೊಂದಿಸಿ ‘ಐ ಡೋಂಟ್ ನೋ ನಥಿಂಗ್’ ಆಗಿಬಿಡುತ್ತದೆ. ನಿಜವಾಗಿ ‘ಏನೂ’ ಎಂಬುದರಲ್ಲಿ ನಕಾರವೇ ಇಲ್ಲ, ನಕಾರ ಇರುವುದು ‘ಇಲ್ಲ’ದಲ್ಲಿ. ಹವ್ಯಕರ ಮನೆಯ ‘ಎಂತದೂ ಇಲ್ಲೆ’, ಕಾರವಾರದ ಕೊಂಕಣಿಯ ‘ಕಾಂಯ್ ನಾ’ ಎರಡರದ್ದೂ ಇದೇ ಕಟ್ಟು. ಹಾಗಾಗಿ ಘಟ್ಟದ ಮೇಲಿನವರೂ ಕೆಳಗಿನವರೂ ಮಾಡುವ ತಪ್ಪು ಒಂದೇ. ಇಂಗ್ಲಿಷಿನಲ್ಲೂ ಎರಡು ನಕಾರ ಒಟ್ಟಿಗೆ ಬರುವ ರೂಢಿ ಇತ್ತು. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಹಾಗೆ ಬರೆದಿದ್ದಾನೆ, ಇವತ್ತಿಗೂ ಕೆಲವು ಆಡುನುಡಿಗಳಲ್ಲಿ ಉಳಿದಿದೆ. ಆದರೆ ಸಂದರ್ಶನದಲ್ಲಿ, ಪರೀಕ್ಷೆಯಲ್ಲಿ ಅದು ತಪ್ಪೇ.

ಇದಕ್ಕೆ ಈ ತರಗತಿಯ ಮೇಷ್ಟ್ರು ಹೇಳಿಕೊಡುವ ಉಪಾಯ ಚೆನ್ನಾಗಿದೆ: ವಾಕ್ಯದಲ್ಲಿ ನಕಾರದ ಪದ ಎಷ್ಟಿವೆ ಎಂದು ಬೆರಳು ಮಡಚಿ ಎಣಿಸಿ, ಒಂದಕ್ಕಿಂತ ಹೆಚ್ಚಿದ್ದರೆ ಒಂದನ್ನು ತೆಗೆಯಿರಿ. ‘ಐ ಡೋಂಟ್ ನೋ ಎನಿಥಿಂಗ್’ ಅಥವಾ ‘ಐ ನೋ ನಥಿಂಗ್’. ಮಾತಿನಲ್ಲಿ ಮೊದಲನೆಯದೇ ಹೆಚ್ಚು ಸಹಜ, ಎರಡನೆಯದರಲ್ಲಿ ಒತ್ತು ಜಾಸ್ತಿ. ಅವರು ಬಿಟ್ಟ ಒಂದು ಮಾತನ್ನು ಸೇರಿಸಬೇಕು: ನಕಾರದ ವಾಕ್ಯದಲ್ಲಿ ‘ಎನಿ’ಗಿಂತ ಮೊದಲೇ ‘ನಾಟ್’ ಬಂದಿರಬೇಕು. ಆದ್ದರಿಂದ ‘ಯಾರೂ ಬರಲಿಲ್ಲ’ ಎಂಬುದು ‘ಎನಿವನ್ ಡಿಡ್ ನಾಟ್ ಕಮ್’ ಆಗುವುದಿಲ್ಲ. ಕರ್ತೃವೇ ಮುಂದೆ ನಿಂತಾಗ ನಕಾರವನ್ನು ಅದರೊಳಗೇ ಸೇರಿಸಿ ‘ನೋ ವನ್ ಕೇಮ್’ ಅನ್ನಬೇಕು. ಬರೆಯುವಾಗ ‘ನೋ ವನ್’ ಎರಡು ಪದ, ‘ನೋಬಡಿ’ ಒಂದು. ಬಂದವರು ಕೆಲವರೇ ಆಗಿದ್ದರೆ ‘ನಾಟ್ ಎವ್ರಿವನ್ ಕೇಮ್’. ಕನ್ನಡದ ‘ಎಲ್ಲರೂ ಬರಲಿಲ್ಲ’ ಎರಡೂ ಅರ್ಥ ಕೊಡುವುದರಿಂದ ಇಲ್ಲಿ ಬಹಳ ಗೊಂದಲ ಆಗುತ್ತದೆ.

ತರಗತಿಯ ಮೇಲಿರುವ ದೊಡ್ಡ ದೂರು ಬೇರೆ. ನಾವು ಕ್ರಿಯಾಪದದ ಮೇಲೇ ಉತ್ತರ ಮುಗಿಸುತ್ತೇವೆ. ‘ಕೊಡೆ ಇದ್ಯಾ?’ ‘ಇದೆ.’ ‘ಸಕ್ಕರೆ ಇದ್ಯಾ?’ ‘ಇಲ್ಲ.’ ‘ಬಾಳೆಹಣ್ಣು ಬೇಕಾ?’ ‘ಬೇಕು.’ ಇಂಗ್ಲಿಷಿನಲ್ಲಿ ‘ಐ ಹ್ಯಾವ್’, ‘ಐ ಡೋಂಟ್ ಹ್ಯಾವ್’, ‘ಐ ವಾಂಟ್’ ಎಂದು ನಿಲ್ಲಿಸಿದರೆ ಕೇಳುವವರು ಮುಂದಿನ ಪದಕ್ಕೆ ಕಾಯುತ್ತಾರೆ. ಎಣಿಸಬಹುದಾದ ಒಂದು ವಸ್ತುವಾದರೆ ‘ಐ ಹ್ಯಾವ್ ಒನ್’. ಸಕ್ಕರೆ, ಹಾಲು, ಅಕ್ಕಿಯಂಥದ್ದಾದರೆ, ಅಥವಾ ಒಂದಕ್ಕಿಂತ ಹೆಚ್ಚಾದರೆ ‘ಐ ಹ್ಯಾವ್ ಸಮ್’. ಇಲ್ಲವಾದರೆ ಒಂದು ವಸ್ತುವಿಗೆ ‘ಐ ಡೋಂಟ್ ಹ್ಯಾವ್ ಒನ್’, ಉಳಿದವಕ್ಕೆ ‘ಐ ಡೋಂಟ್ ಹ್ಯಾವ್ ಎನಿ’. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಪ್ರವಾಸಿಗರು ಬಂಗಡೆ ಕೇಳಿದರೆ ‘ವಿ ಡೋಂಟ್ ಹ್ಯಾವ್ ಎನಿ ಟುಡೇ’. ಮೊದಲೇ ಮಾತಾಡಿದ ಅದೇ ಕೊಡೆಯಾದರೆ ‘ಒನ್’ ಅಲ್ಲ, ‘ಐ ಹ್ಯಾವ್ ಇಟ್’. ಇಷ್ಟನ್ನು ಕಲಿಸಲು ಒಂದು ತಾಸು ಸಾಕು. ಆರು ವಾರದಲ್ಲಿ ಆ ಒಂದು ತಾಸು ಎಲ್ಲೂ ಇಲ್ಲ.

ಮೆಚ್ಚಬೇಕಾದದ್ದು ನಾಲ್ಕನೇ ದಿನದ ಅಭ್ಯಾಸ. ನಾವು ‘ಯಾರಿಗಾದರೂ’ ಎಂದು ‘ಗೆ’ ಹಚ್ಚುವುದರಿಂದ ‘ಟೆಲ್ ಟು ಸಮ್‌ವನ್’ ಎಂದು ‘ಟು’ ನುಸುಳುತ್ತದೆ. ಇಲ್ಲಿ ಚೀಟಿ ಹಂಚಿ ಜೋಡಿಯಾಗಿ ಮಾತಾಡಿಸುತ್ತಾರೆ: ‘ಟೆಲ್’, ‘ಆಸ್ಕ್’ ಆದಮೇಲೆ ವ್ಯಕ್ತಿ ನೇರವಾಗಿ, ‘ಟೆಲ್ ಸಮ್‌ವನ್’, ‘ಆಸ್ಕ್ ಸಮ್‌ವನ್’, ‘ಸೇ’, ‘ಎಕ್ಸ್‌ಪ್ಲೇನ್’ ಬಂದರೆ ‘ಸಮ್‌ಥಿಂಗ್ ಟು ಸಮ್‌ವನ್’, ‘ಗಿವ್’ ಎರಡೂ ರೀತಿ ಒಪ್ಪುತ್ತದೆ. ‘ಎಕ್ಸ್‌ಪ್ಲೇನ್ ಮಿ ಸಮ್‌ಥಿಂಗ್’ ಎಂದವರನ್ನು ಅಲ್ಲಿಯೇ ನಿಲ್ಲಿಸಿ ತಿದ್ದುತ್ತಾರೆ. ವಿಶೇಷಣ ಹಿಂದೆ ಬರಬೇಕು, ‘ಹಾಟ್ ಸಮ್‌ಥಿಂಗ್’ ಅಲ್ಲ ‘ಸಮ್‌ಥಿಂಗ್ ಹಾಟ್’ ಎಂಬುದೂ ಅದೇ ದಿನ ಬಾಯಿಗೆ ಕೂರುತ್ತದೆ.

‘ಎಲ್ಲರೂ ಬಂದಿದ್ದಾರೆ’ ಎಂಬ ನಮ್ಮ ಬಹುವಚನದಿಂದ ಹುಟ್ಟುವ ‘ಎವ್ರಿವನ್ ಹ್ಯಾವ್ ಕಮ್’ ಅನ್ನು ‘ಹ್ಯಾಸ್’ ಎಂದು ತಿದ್ದುತ್ತಾರೆ, ಸರಿ. ಆದರೆ ‘ಸಮ್‌ವನ್’ಗೆ ‘ಹಿಸ್’ ಮಾತ್ರ ಎಂದು ಹೇಳುವುದು ಹಳತಾಯಿತು. ‘ಸಮ್‌ವನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ’ ಎಂಬುದೇ ಇಂದಿನ ಮಾತು. ‘ಯಾರೋ ತಮ್ಮ ಕೊಡೆ ಬಿಟ್ಟು ಹೋಗಿದ್ದಾರೆ’ ಎಂಬ ನಮ್ಮ ‘ತಮ್ಮ’ಕ್ಕೂ ಅದು ಹತ್ತಿರ.

ಬಾಯಿ ಬಿಟ್ಟು ಮಾತಾಡಲು ಹಿಂಜರಿಯುವವರಿಗೆ ಈ ತರಗತಿ ಒಳ್ಳೆಯದು. ತಪ್ಪಿಗೆ ಕಾರಣ ತಿಳಿಯಬೇಕು ಎನ್ನುವವರಿಗೆ ಪುಸ್ತಿಕೆ ಸಾಲದು. ಫೀಸು ಕಟ್ಟುವ ಮೊದಲು ಮೂರನೇ ವಾರದ ಒಂದು ದಿನ ಕೂತು ನೋಡಲು ಕೇಳಿ. ‘ಸಕ್ಕರೆ ಇದ್ಯಾ?’ ಎಂಬುದಕ್ಕೆ ‘ಇಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಮೇಷ್ಟ್ರನ್ನೇ ವಿಚಾರಿಸಿ.