ಇಂಟ್ರಾಓರಲ್ ಕ್ಯಾಮೆರಾ, ಕೆಲವು ವರ್ಷಗಳ ಬಳಕೆಯ ನಂತರ: ಚಿತ್ರ ಚೆನ್ನ, ಬಟನ್ ಕೆಟ್ಟದ್ದು

ನಮ್ಮದು ಒಂದೇ ಕುರ್ಚಿಯ ದಂತ ಕ್ಲಿನಿಕ್. ನಾನೊಬ್ಬರೇ ಡಾಕ್ಟರು, ಜೊತೆಗೊಬ್ಬ ಸಹಾಯಕಿ. ಬಾಯಿಯೊಳಗೆ ಇಟ್ಟು ಫೋಟೊ ತೆಗೆಯುವ ಈ ಕ್ಯಾಮೆರಾ ಕೊಂಡು ಕೆಲವು ವರ್ಷ ಆಯಿತು. ಪಿಕ್ಸೆಲ್ ಎಷ್ಟು, ಎಲ್‌ಇಡಿ ಎಷ್ಟು ಅನ್ನುವುದೆಲ್ಲ ಪೆಟ್ಟಿಗೆಯ ಮೇಲೇ ಇರುತ್ತದೆ, ಬಿಡಿ. ರೋಗಿಯ ಜೊತೆ ಮಾತಾಡುವುದಕ್ಕೆ ಇದು ಎಷ್ಟು ನೆರವಾಯಿತು ಅನ್ನುವುದನ್ನಷ್ಟೇ ಬರೆಯುತ್ತೇನೆ.

ನಮ್ಮ ಕುರ್ಚಿಯಲ್ಲಿ ಮಲಗಿದವರ ಸ್ಥಿತಿ ಯೋಚಿಸಿ. ಕಾಣುವುದು ಛಾವಣಿ ಮತ್ತು ದೀಪ. ಬಾಯಿ ತೆರೆದೇ ಇರಬೇಕು, ಹಾಗಾಗಿ ಏನೂ ಕೇಳುವಂತಿಲ್ಲ. ಅದರ ನಡುವೆ ನಾವು ಸಹಾಯಕಿಗೆ ‘36’ ಅನ್ನುತ್ತೇವೆ. ಎಡಗಡೆ ಕೆಳಗಿನ ಮೊದಲ ದೊಡ್ಡ ದವಡೆ ಹಲ್ಲು ಎಂದು ಅದರ ಅರ್ಥ. ಮಲಗಿದವರಿಗೆ ಕೇಳಿಸುವುದು ಒಂದು ಸಂಖ್ಯೆ, ಅದಕ್ಕೇ ಎದೆ ಹೊಡೆದುಕೊಳ್ಳುತ್ತದೆ. ಕೈಗನ್ನಡಿ ಕೊಟ್ಟರೂ ಒಳಗಿನ ಹಲ್ಲು ಅವರಿಗೆ ಸರಿಯಾಗಿ ಕಾಣುವುದಿಲ್ಲ.

ಕ್ಯಾಮೆರಾ ಇದ್ದರೆ ಹಾಗಾಗುವುದಿಲ್ಲ. ನನಗೆ ತುಂಬಾ ಖುಷಿ ಕೊಟ್ಟಿದ್ದು ಚಿತ್ರಕ್ಕಿಂತ, ಚಿತ್ರ ಬಂದ ಮೇಲಿನ ಕೆಲವು ಕ್ಷಣಗಳ ಮೌನ. ಒಬ್ಬರಿಗೆ ಕಚ್ಚುವಾಗ, ಅದಕ್ಕಿಂತ ಜಾಸ್ತಿ ಕಚ್ಚಿ ಬಿಡುವಾಗ, ಚುಳ್ ಅನ್ನುವ ನೋವು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ದವಡೆ ಹಲ್ಲಿನ ಬಿರುಕು ಸಾಮಾನ್ಯವಾಗಿ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ, ಫಿಲ್ಮಿಗೆ ಸಮಾನಾಂತರವಾಗಿ. ಅದಕ್ಕೇ ಎಕ್ಸ್‌ರೇಗೆ ಅದು ಸಿಗುವುದು ಅಪರೂಪ. ಇದನ್ನು ಬಾಯಿಮಾತಲ್ಲಿ ಹೇಳಿದರೆ ಯಾರಾದರೂ ಹೇಗೆ ನಂಬಬೇಕು, ಅಲ್ವಾ? ಕ್ಯಾಮೆರಾದ ಚಿತ್ರ ಪರದೆಯ ಮೇಲೆ ನಿಲ್ಲಿಸಿ ನಾನು ಸುಮ್ಮನಿದ್ದೆ. ಅವರೇ ಬೆರಳು ತೋರಿಸಿ, ‘ಡಾಕ್ಟ್ರೇ, ಹಳೇ ಫಿಲ್ಲಿಂಗ್ ಪಕ್ಕದಲ್ಲಿ ಈ ಗೆರೆ ಏನು?’ ಅಂದರು. ಅಲ್ಲಿಂದ ಮುಂದಿನ ಮಾತು ಪೂರ್ತಿ ಅವರ ಪ್ರಶ್ನೆಗಳ ಮೇಲೆ ನಡೆಯಿತು. ಕ್ಯಾಪ್ ಯಾಕೆ ಬೇಕು, ತಡ ಮಾಡಿದರೆ ಏನಾಗಬಹುದು, ಬಿರುಕು ಬೇರಿನವರೆಗೆ ಹೋಗಿದ್ದರೆ ಹಲ್ಲು ಉಳಿಯುತ್ತದೋ ಇಲ್ಲವೋ, ಎಲ್ಲವನ್ನೂ ಅವರೇ ಕೇಳಿದರು.

ಈಗ ನಮ್ಮಲ್ಲಿ ಇದಕ್ಕೊಂದು ಕ್ರಮವೇ ಆಗಿದೆ. ಕ್ಯಾಮೆರಾಗೆ ಹಾಕುವ ಪ್ಲಾಸ್ಟಿಕ್ ಕವರನ್ನು ರೋಗಿಯ ಕಣ್ಣೆದುರೇ ಪ್ಯಾಕೆಟ್ಟಿನಿಂದ ತೆಗೆಯುತ್ತೇವೆ. ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ ಅಂತ ಹೇಳಬೇಕಾಗಿಯೇ ಇಲ್ಲ, ನೋಡಿದರೆ ಸಾಕು. ಲೆನ್ಸ್ ತಣ್ಣಗಿದ್ದರೆ ಉಸಿರಿಗೆ ಮಂಜು ಕಟ್ಟುತ್ತದೆ. ಅದಕ್ಕೆ ದೀಪವನ್ನು ಸ್ವಲ್ಪ ಮುಂಚೆಯೇ ಹಚ್ಚಿ ಬೆಚ್ಚಗಾಗಲು ಬಿಡುತ್ತೇವೆ. ಹಲ್ಲಿಗೆ ಮೆಲ್ಲಗೆ ಗಾಳಿ ಹಾಯಿಸಿ ಒಣಗಿಸುತ್ತೇವೆ. ಮೊದಲ ಫೋಟೊ ಯಾವಾಗಲೂ ಚೆನ್ನಾಗಿರುವ ಹಲ್ಲಿನದು. ಆಮೇಲೆ ತೊಂದರೆ ಇರುವುದು. ಎರಡೂ ಪಕ್ಕಪಕ್ಕ.

ಮಾತು ಶುರುವಾಗುವುದು ಕುರ್ಚಿ ನೇರ ಮಾಡಿದ ಮೇಲೆಯೇ. ನಾನೂ ಸ್ಟೂಲಿನಲ್ಲಿ ಅವರ ಎತ್ತರಕ್ಕೆ ಕೂರುತ್ತೇನೆ, ಮಾಸ್ಕ್ ಇಳಿಸುತ್ತೇನೆ. ಕಿವಿ ಮಂದವಾದವರು ತುಟಿ ನೋಡಿ ಮಾತು ಹಿಡಿಯುತ್ತಾರೆ, ಮಾಸ್ಕ್ ಹಾಕಿಕೊಂಡು ಎಷ್ಟು ಜೋರಾಗಿ ಹೇಳಿದರೂ ಅವರಿಗೆ ಉಪಯೋಗವಿಲ್ಲ. ‘ನಿಮಗೆ ಇಲ್ಲಿ ಏನು ಕಾಣ್ತಿದೆ?’ ಅನ್ನುವುದು ನನ್ನ ಮೊದಲ ಪ್ರಶ್ನೆ. ಕೊನೆಯದು, ‘ಮನೆಯಲ್ಲಿ ಕೇಳಿದರೆ ಏನಂತ ಹೇಳ್ತೀರಿ?’ ಅವರ ಉತ್ತರದಲ್ಲಿ ಏನಾದರೂ ತಪ್ಪಿದ್ದರೆ ಮತ್ತೆ ಬೇರೆ ಮಾತಲ್ಲಿ ಹೇಳುತ್ತೇನೆ. ಫೋಟೊ ಉಳಿಸಿಕೊಳ್ಳುವ ಮುಂಚೆ ಅವರನ್ನು ಕೇಳುವುದು ನಮ್ಮಲ್ಲಿ ಕಡ್ಡಾಯ.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಚೆಂದ. ಮಕ್ಕಳ ದಂತವೈದ್ಯರು ‘ಹೇಳು, ತೋರಿಸು, ಮಾಡು’ ಅನ್ನುವ ಕ್ರಮವನ್ನು 1959ರಿಂದಲೂ ಕಲಿಯುತ್ತಾ ಬಂದಿದ್ದಾರೆ. ಮಗುವಿನ ಉಗುರನ್ನು ಮೊದಲು ಪರದೆಯ ಮೇಲೆ ತೋರಿಸುತ್ತೇವೆ. ಇಷ್ಟು ದೊಡ್ಡ ಉಗುರು ಕಂಡರೆ ಸಾಕು, ಮುಂದಿನ ಸರದಿ ಹಲ್ಲಿಗೆ ಅಂತ ಮಗುವೇ ಬಾಯಿ ತೆರೆಯುತ್ತದೆ.

ಇನ್ನು ಬೇಜಾರಿನ ಮಾತು. ಫೋಟೊ ತೆಗೆಯುವ ಬಟನ್ ಹಿಡಿಕೆಯ ಮೇಲಿದೆ, ಅದೂ ಗಟ್ಟಿ. ಒತ್ತಿದ ಕೂಡಲೇ ಕೈ ಅಲುಗಿ ಚಿತ್ರ ಮಸುಕಾಗುತ್ತದೆ. ಮತ್ತೆ ತೆಗೆಯಬೇಕು, ರೋಗಿಯ ದವಡೆ ಸೋಲುತ್ತದೆ. ಕಾಲಲ್ಲಿ ಒತ್ತುವ ಪೆಡಲ್ ಕೊಡಿ ಅಂತ ಕಂಪನಿಗೆ ಕೇಳಿದೆ. ಈ ಮಾಡೆಲಿಗೆ ಅದು ಕೂಡುವುದಿಲ್ಲವಂತೆ. ಸಾಫ್ಟ್‌ವೇರ್ ಇನ್ನೊಂದು ತಲೆನೋವು. ಅಪ್‌ಡೇಟ್ ಆದಾಗ ಎಡ ಬಲ ತಿರುಗಿಸುವ ಸೆಟ್ಟಿಂಗ್ ತಾನಾಗಿಯೇ ಬದಲಾಗುತ್ತದೆ. ಬಲಗಡೆ ನೋವಿರುವವರು ಪರದೆ ನೋಡಿ ಎಡಗೆನ್ನೆ ಮುಟ್ಟಿಕೊಳ್ಳುತ್ತಾರೆ. ವಿಷಯ ಅರ್ಥ ಮಾಡಿಸಲು ಕೊಂಡ ಸಾಧನವೇ ಹೀಗೆ ಗೊಂದಲ ಮಾಡಿದರೆ ಸಿಟ್ಟು ಬರುತ್ತದೆ. ಅದಕ್ಕೇ ಈಗ ಬೆಳಗ್ಗೆ ಸಹಾಯಕಿಯ ಮೊದಲ ಕೆಲಸ, ಅಕ್ಷರ ಬರೆದ ಚೀಟಿಯೊಂದನ್ನು ಕ್ಯಾಮೆರಾಗೆ ತೋರಿಸಿ ನೇರವಾಗಿ ಕಾಣುತ್ತಿದೆಯಾ ಅಂತ ನೋಡುವುದು.

ಬಟನ್ನಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದು ಇಂಥ ಎಲ್ಲಾ ಕ್ಯಾಮೆರಾಗಳದ್ದು. ಒಂದು ಹಲ್ಲು ಪರದೆ ತುಂಬಾ ಬಂದಾಗ ಸಣ್ಣ ಕಲೆಯೂ ಗುಂಡಿಯಂತೆ ಕಾಣುತ್ತದೆ. ದವಡೆ ಹಲ್ಲಿನ ಸಂದಿಯ ಕಪ್ಪು ಗೆರೆ ಎಷ್ಟೋ ಸಲ ಬರೀ ಬಣ್ಣ. ಡ್ರಿಲ್ ಹಾಕುವ ಅಗತ್ಯವೇ ಇರುವುದಿಲ್ಲ. ಹುಳುಕು ಶುರುವಾಗುವಾಗಿನ ಬಿಳಿ ಮಚ್ಚೆಯನ್ನೂ, ಮೇಲ್ಮೈ ಒಡೆಯದಿದ್ದರೆ, ಫ್ಲೋರೈಡ್ ಪೇಸ್ಟ್ ಮತ್ತು ಸರಿಯಾದ ಬ್ರಶಿಂಗ್‌ನಿಂದ ಅಲ್ಲೇ ತಡೆಯಬಹುದು. ಆದರೆ ಚಿತ್ರ ನೋಡಿ ಗಾಬರಿಯಾದವರು ‘ಇವತ್ತೇ ತುಂಬಿಸಿಬಿಡಿ’ ಅನ್ನುತ್ತಾರೆ. ಈ ಗಾಬರಿಯನ್ನು ಕೆಲಸ ಹೆಚ್ಚಿಸಿಕೊಳ್ಳಲು ಬಳಸುವುದು ತುಂಬಾ ಸುಲಭ. ಮಾರಲು ಬಂದವರು ಹೊಗಳಿದ್ದೂ ಇದನ್ನೇ, ಚಿಕಿತ್ಸೆಗೆ ಒಪ್ಪುವವರು ಜಾಸ್ತಿ ಆಗ್ತಾರೆ ಅಂತ. ನನಗೆ ಆ ಮಾತು ಹಿಡಿಸಲಿಲ್ಲ. ದೊಡ್ಡದು ಮಾಡಿದ ಚಿತ್ರದ ಪಕ್ಕದಲ್ಲಿ ಪೂರ್ತಿ ಹಲ್ಲಿನ ಸಾಲಿನ ಚಿತ್ರವನ್ನೂ ಇಡುತ್ತೇನೆ, ನಿಜವಾದ ಗಾತ್ರ ತಿಳಿಯಲಿ ಅಂತ. ‘ಇದಕ್ಕೆ ಏನೂ ಮಾಡಬೇಕಿಲ್ಲ, ಮುಂದಿನ ಸಲ ಇದೇ ಕೋನದಿಂದ ಮತ್ತೆ ನೋಡೋಣ’ ಅಂತ ಹೇಳಲು ಈ ಕ್ಯಾಮೆರಾ ನನಗೆ ತುಂಬಾ ಬೇಕಾಗಿದೆ.

ಇದರ ಕಣ್ಣಿಗೆ ಬೀಳದ ಜಾಗಗಳೂ ಇವೆ. ಎರಡು ಹಲ್ಲು ತಾಗುವಲ್ಲಿನ ಹುಳುಕಿಗೆ, ಬೇರಿನ ತುದಿಯ ಸೋಂಕಿಗೆ ಎಕ್ಸ್‌ರೇಯೇ ಬೇಕು. ವಸಡು ಮತ್ತು ಹಲ್ಲಿನ ನಡುವಿನ ಸಂದಿ ಎಷ್ಟು ಆಳ ಅಂತ ತಿಳಿಯಲು ಅಳತೆ ಕಡ್ಡಿ ಬೇಕು. ವಸಡು ನೋಡುವ ಮುಂಚೆ ರೋಗಿಗೆ ಹೀಗೆ ಹೇಳುತ್ತೇನೆ: ‘ಸಂಖ್ಯೆ ಜೋರಾಗಿ ಓದ್ತೀನಿ. 1ರಿಂದ 3 ಮಿಲಿಮೀಟರ್ ಬಂದರೆ ಸಾಮಾನ್ಯ. 4, 5 ಕೇಳಿಸಿದರೆ ಆ ಜಾಗದ ಬಗ್ಗೆ ಆಮೇಲೆ ಮಾತಾಡೋಣ.’ ಅಳತೆ ಮುಗಿಯುವಷ್ಟರಲ್ಲಿ ಯಾವ ಕಡೆ ತೊಂದರೆ ಅಂತ ಅವರಿಗೇ ಗೊತ್ತಾಗಿರುತ್ತದೆ. ಇದಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ. ನೋವಾದರೆ ಎಡಗೈ ಎತ್ತಿ, ತಕ್ಷಣ ನಿಲ್ಲಿಸುತ್ತೇನೆ ಅನ್ನುವ ಒಪ್ಪಂದಕ್ಕೂ ಇಲ್ಲ.

ಹೊಸದಾಗಿ ಕ್ಲಿನಿಕ್ ತೆರೆದು ಕೈ ಬಿಗಿಯಿರುವವರು ಈ ಅಭ್ಯಾಸಗಳಿಂದ ಶುರು ಮಾಡಿ, ಕ್ಯಾಮೆರಾ ಆಮೇಲೆ ಕೊಳ್ಳಬಹುದು. ಕೊಳ್ಳುವಾಗ ಬಟನ್ನನ್ನು ನೀವೇ ಒತ್ತಿ ನೋಡಿ, ಪೆಡಲ್ ಕೂಡುತ್ತದಾ ಕೇಳಿ. ಪರದೆಯನ್ನು ರೋಗಿ ಕೂತಲ್ಲಿಂದಲೇ ಕಾಣುವಂತೆ ಎಲ್ಲಿ ಹಾಕಬಹುದು ಅನ್ನುವುದನ್ನೂ ಮೊದಲೇ ಅಳೆದುಕೊಳ್ಳಿ. ನನ್ನದು ಕೆಟ್ಟುಹೋದ ದಿನ ಮತ್ತೊಂದು ಕೊಳ್ಳುತ್ತೇನೆ, ಆದರೆ ಈ ಮಾಡೆಲ್ ಅಲ್ಲ.