ಪುಟ್ಟ ಲ್ಯಾಪ್‌ಟಾಪ್‌ಗೆ ವೆರಾಕ್ರಿಪ್ಟ್ ಸರಿಹೋಗುತ್ತಾ?

ಬೇರೆಯವರ ಬರಹ ಟೈಪ್ ಮಾಡಿ, ತಿದ್ದಿ ಕೊಡುವುದು ನನ್ನ ಕೆಲಸ. ಹಿರಿಯರ ಆತ್ಮಕಥೆ, ಮನೆತನದ ವಂಶಾವಳಿ, ಒಮ್ಮೊಮ್ಮೆ ಉಯಿಲಿನ ಕರಡು. ನನ್ನ ಬ್ಯಾಂಕ್ ಕಾಗದಗಳಿಗಿಂತ ಇವುಗಳ ಚಿಂತೆಯೇ ನನಗೆ ಜಾಸ್ತಿ. ಯಾರೋ ನಂಬಿ ಕೊಟ್ಟ ಮನೆಯ ಮಾತುಗಳು ಅವು. ಎಲ್ಲ ಇರುವುದು 11 ಇಂಚಿನ ಒಂದು ಲ್ಯಾಪ್‌ಟಾಪ್‌ನಲ್ಲಿ. ಸೆಲೆರಾನ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್, ವಿಂಡೋಸ್ ಹೋಮ್. ಕೈಚೀಲದಲ್ಲಿ ಹಿಡಿಸುತ್ತದೆ. ಹಾಗಾಗಿಯೇ ಎಲ್ಲಾದರೂ ಬಿಟ್ಟು ಬರುವುದೂ ಸುಲಭ.

ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಹಾಗೆ ಫೈಲುಗಳನ್ನು ಗೂಢಲಿಪಿಯಾಗಿಸುವ, ಅಂದರೆ ಎನ್‌ಕ್ರಿಪ್ಟ್ ಮಾಡುವ ತಂತ್ರಾಂಶ ವೆರಾಕ್ರಿಪ್ಟ್. ಇದರಲ್ಲಿ ಅದನ್ನು ಬಳಸಲು ಶುರುಮಾಡಿ ಬಹಳ ಕಾಲವಾಯಿತು. ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದೆ. ಆದರೆ ಎಲ್ಲರಿಗೂ ಹಾಕಿಕೊಳ್ಳಿ ಅಂತ ಹೇಳಲಾರೆ.

ಲಾಗಿನ್ ಪಾಸ್‌ವರ್ಡ್ ಇದೆಯಲ್ಲ, ಸಾಲದಾ ಅಂತ ಕೇಳುವವರೇ ಹೆಚ್ಚು. ಸಾಲದು. ಆ ಪಾಸ್‌ವರ್ಡ್ ತಡೆಯುವುದು ವಿಂಡೋಸ್ ಮೂಲಕ ಒಳಗೆ ಬರುವವರನ್ನು ಮಾತ್ರ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಇರುವ ಪೆನ್‌ಡ್ರೈವ್ ಹಾಕಿ ಅದರಿಂದ ಯಂತ್ರ ಶುರುಮಾಡಿದರೆ (ಬೂಟ್) ಮುಗಿಯಿತು. ಫೈಲುಗಳೆಲ್ಲ ಸಾಲಾಗಿ ಕಾಣುತ್ತವೆ, ಪಾಸ್‌ವರ್ಡ್ ಕೇಳುವವರೇ ಇಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ಹಾರುಹೊಡೆದು ಬಿಟ್ಟ ಹಾಗೆ. ಯಂತ್ರ ಶುರುವಾಗುವ ಬಗೆಯನ್ನು ನಿರ್ಧರಿಸುವ ಬಯಾಸ್ ಸೆಟ್ಟಿಂಗ್ಸ್‌ನಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ, ಯುಎಸ್‌ಬಿ ಬೂಟ್ ನಿಲ್ಲಿಸಿದರೆ ಆ ದಾರಿ ಮುಚ್ಚುತ್ತದೆ. ನಾನೂ ನಿಲ್ಲಿಸಿದ್ದೇನೆ. ನನ್ನದರಲ್ಲಿ ಸ್ಟೋರೇಜ್ ಚಿಪ್ ಮದರ್‌ಬೋರ್ಡ್‌ಗೇ ಬೆಸೆದುಕೊಂಡಿದೆ, ಹಾಗಾಗಿ ಕಳಚಿ ಬೇರೆ ಕಂಪ್ಯೂಟರ್‌ಗೆ ಹಾಕುವುದೂ ಕಷ್ಟ. ಕಷ್ಟ ಅಷ್ಟೇ, ಆಗದ ಕೆಲಸವೇನಲ್ಲ. ಒಳಗಿನ ಫೈಲ್ ಯಾರು ಬೇಕಾದರೂ ಓದುವ ಹಾಗೇ ಇದೆ ಅಲ್ವಾ?

ವಿಂಡೋಸ್ ಪ್ರೊ ಇದ್ದವರು ಅದರಲ್ಲೇ ಬರುವ ಬಿಟ್‌ಲಾಕರ್ ಎಂಬ ಡಿಸ್ಕ್ ಎನ್‌ಕ್ರಿಪ್ಷನ್ ಬಳಸಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಹೋಮ್‌ನಲ್ಲೂ ಕೆಲವು ಯಂತ್ರಗಳಿಗೆ ಡಿವೈಸ್ ಎನ್‌ಕ್ರಿಪ್ಷನ್ ಇರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ನನ್ನದರಲ್ಲಿ ಆ ಆಯ್ಕೆಯೇ ಇಲ್ಲ.

ವೆರಾಕ್ರಿಪ್ಟ್ 2013ರಲ್ಲಿ ಟ್ರೂಕ್ರಿಪ್ಟ್ ಎಂಬ ಹಳೆಯ ತಂತ್ರಾಂಶದ ಕೋಡ್‌ನಿಂದ ಹುಟ್ಟಿದ್ದು. ಮರುವರ್ಷ ಮೇ ತಿಂಗಳಲ್ಲಿ ಟ್ರೂಕ್ರಿಪ್ಟ್‌ನವರು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದರು, ಇದು ಮುಂದುವರಿಯಿತು. ಉಚಿತವಾಗಿ ಸಿಗುತ್ತದೆ, ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು. 2016ರಲ್ಲಿ ಕ್ವಾರ್ಕ್ಸ್‌ಲ್ಯಾಬ್ ಸಂಸ್ಥೆ ಹೊರಗಿನಿಂದ ಪರಿಶೀಲನೆ ಮಾಡಿ, ಸಿಕ್ಕ ದೋಷಗಳನ್ನು ಬಹಿರಂಗವಾಗಿಯೇ ಪ್ರಕಟಿಸಿತು. ಹೀಗೆ ತಪ್ಪು ಹುಡುಕಲು ಬಿಡುವವರ ಮೇಲೆ ನನಗೆ ನಂಬಿಕೆ ಬರುತ್ತದೆ.

ಇಡೀ ಡಿಸ್ಕನ್ನೇ ಇದರಲ್ಲಿ ಎನ್‌ಕ್ರಿಪ್ಟ್ ಮಾಡಬಹುದು. ನಾನು ಮಾಡಿಲ್ಲ. ಮೊದಲೇ ಏದುಸಿರು ಬಿಡುವ ಯಂತ್ರ, ಅದಕ್ಕೆ ಇನ್ನೊಂದು ಹೊರೆ ಬೇಡ. ಬದಲಿಗೆ 8 ಜಿಬಿಯ ಒಂದು ಕಂಟೇನರ್ ಮಾಡಿಕೊಂಡೆ. ಹೊರಗಿನಿಂದ ಅದು ಒಂದೇ ಫೈಲ್, ತೆರೆದರೆ ಅರ್ಥವಿಲ್ಲದ ಅಕ್ಷರಗಳು. ಪಾಸ್‌ವರ್ಡ್ ಕೊಟ್ಟು ಮೌಂಟ್ ಮಾಡಿದರೆ ಹೊಸ ಡ್ರೈವ್ ಆಗಿ ಬಂದು ಕೂರುತ್ತದೆ. ಅದರಲ್ಲಿ ಫೋಲ್ಡರ್, ವರ್ಡ್ ಫೈಲ್ ಎಲ್ಲ ಮಾಮೂಲಿನಂತೆ. ಮಾಡುವಾಗ ಒಂದು ತಮಾಷೆಯ ಹಂತ ಬರುತ್ತದೆ. ಕಿಟಕಿಯೊಳಗೆ ಮೌಸನ್ನು ಹೇಗೆಂದರೆ ಹಾಗೆ ಓಡಾಡಿಸಬೇಕು, ಕೆಳಗಿನ ಕೆಂಪು ಪಟ್ಟಿ ನಿಧಾನವಾಗಿ ಹಸಿರಾಗುತ್ತದೆ. ನಮ್ಮ ಕೈ ಅಲ್ಲಿ ಇಲ್ಲಿ ಅಲೆದದ್ದೇ ಕೀಲಿ ತಯಾರಿಸಲು ಬೇಕಾದ ಕಚ್ಚಾ ಸಾಮಗ್ರಿ. ಟಚ್‌ಪ್ಯಾಡ್ ಚಿಕ್ಕದಿದ್ದರೆ ಬೆರಳು ನೋಯುತ್ತದೆ, ನೋಯಲಿ. ಎನ್‌ಕ್ರಿಪ್ಟ್ ಮಾಡುವ ವಿಧಾನ (ಆಲ್ಗರಿದಮ್) ಆರಿಸುವಾಗ, ಎಇಎಸ್ ಎಂಬುದನ್ನು ಹಾಗೇ ಬಿಡಿ. ಅನುಮಾನವಿದ್ದರೆ ವೇಗ ಅಳೆಯುವ ಬೆಂಚ್‌ಮಾರ್ಕ್ ಒತ್ತಿ ನೋಡಿ. ಎಇಎಸ್‌ಗೆಂದೇ ಸೌಲಭ್ಯ ಇರುವ ಪ್ರೊಸೆಸರ್ ಆದರೆ ಉಳಿದವು ಅದರ ಹತ್ತಿರಕ್ಕೂ ಬರುವುದಿಲ್ಲ. ಹಳೆಯ ಆಟಮ್ ಎನ್270 ಥರದ ಚಿಪ್‌ಗಳಲ್ಲಿ ಆ ಸೌಲಭ್ಯ ಇಲ್ಲ, ಅಲ್ಲಿ ತಾಳ್ಮೆ ಬೇಕು.

ಪಾಸ್‌ವರ್ಡ್ ವಿಷಯಕ್ಕೆ ಬರೋಣ, ನಿಜವಾದ ಕೆಲಸ ಇರುವುದೇ ಇಲ್ಲಿ. 20 ಅಕ್ಷರಕ್ಕಿಂತ ಕಮ್ಮಿ ಕೊಟ್ಟರೆ ವೆರಾಕ್ರಿಪ್ಟ್ ಎಚ್ಚರಿಕೆ ಕೊಡುತ್ತದೆ. ಪುಟ್ಟ ಕೀಬೋರ್ಡ್‌ನಲ್ಲಿ ಚಿಹ್ನೆ, ಅಂಕಿ, ದೊಡ್ಡಕ್ಷರ ಬೆರೆಸಿ 20 ಅಕ್ಷರ ಒತ್ತುವುದು ಶಿಕ್ಷೆ. ನನ್ನದರಲ್ಲಿ ಬಲಗಡೆಯ ಶಿಫ್ಟ್ ಕೀ ಬೆರಳ ತುದಿಯಷ್ಟಿದೆ, ಡಿಲೀಟ್ ಪಕ್ಕದಲ್ಲೇ ಪವರ್ ಬಟನ್. ಹಾಗಾಗಿ ಶಿಫ್ಟ್ ಸಹವಾಸವೇ ಬೇಡವೆಂದು ಬರೀ ಸಣ್ಣಕ್ಷರಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಆರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಜೋಡಿಸಿದ್ದೇನೆ. ಗಾದೆ, ವಚನದ ಸಾಲು, ಸಿನಿಮಾ ಹಾಡು ಬೇಡ, ಅವು ಎಲ್ಲರಿಗೂ ಗೊತ್ತು. ನಿಘಂಟನ್ನು ಕಣ್ಣುಮುಚ್ಚಿ ಅಲ್ಲಲ್ಲಿ ತೆರೆದು, ಬೆರಳು ಬಿದ್ದ ಪದ ತೆಗೆದುಕೊಳ್ಳಿ. ಕನ್ನಡದವರಿಗೆ ಇಲ್ಲೊಂದು ತೊಡಕಿದೆ. ‘ಹಾಲು’ ಅಂತ ಬರೆಯುವಾಗ ದೀರ್ಘಕ್ಕೆ ಎರಡು ‘ಎ’ ಹಾಕುತ್ತೀರೋ ಒಂದೋ? ‘ಳ’ಕ್ಕೆ ಯಾವ ಅಕ್ಷರ? ಇದನ್ನು ಮೊದಲೇ ಗಟ್ಟಿ ಮಾಡಿಕೊಳ್ಳದಿದ್ದರೆ, ಪದ ನೆನಪಿದ್ದೂ ಬಾಗಿಲು ತೆರೆಯುವುದಿಲ್ಲ. ‘ಪಾಸ್‌ವರ್ಡ್ ಮರೆತಿರಾ’ ಎನ್ನುವ ಕೊಂಡಿ ಇಲ್ಲಿಲ್ಲ. ಮರೆತರೆ ತಂತ್ರಾಂಶ ಮಾಡಿದವರೂ ತೆರೆದುಕೊಡಲಾರರು. ನನ್ನದನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಇಟ್ಟಿದ್ದೇನೆ, ಲ್ಯಾಪ್‌ಟಾಪ್ ಚೀಲದಲ್ಲಂತೂ ಅಲ್ಲ.

ಮೌಂಟ್ ಆಗುವುದು ತಡ ಎಂಬ ದೂರು ಎಲ್ಲ ಕಡೆ ಕೇಳುತ್ತದೆ. ನಿಜ. ಕಳ್ಳ ಒಂದರ ಹಿಂದೊಂದು ಪಾಸ್‌ವರ್ಡ್ ಊಹಿಸಿ ನೋಡುವುದಕ್ಕೆ ಹೊತ್ತು ಹಿಡಿಯಲಿ ಅಂತಲೇ, ಸಾಮಾನ್ಯ ಕಂಟೇನರ್‌ಗೆ ಒಂದೇ ಲೆಕ್ಕವನ್ನು 5,00,000 ಸಲ ಮಾಡಿಸುವ ವ್ಯವಸ್ಥೆ ಇದೆ. ಸಣ್ಣ ಪ್ರೊಸೆಸರ್‌ಗೆ ಅದು ಭಾರವೇ. ಆದರೆ ತಡಕ್ಕೆ ಇನ್ನೊಂದು ಕಾರಣವೂ ಇದೆ. ಆ ಲೆಕ್ಕಕ್ಕೆ ಯಾವ ಸೂತ್ರ (ಹ್ಯಾಶ್) ಬಳಸಿದ್ದು ಎಂದು ನಾವು ಹೇಳದಿದ್ದರೆ ಅದು ತನಗೆ ಗೊತ್ತಿರುವ ಎಲ್ಲವನ್ನೂ ಪರೀಕ್ಷಿಸುತ್ತದೆ. ಪಾಸ್‌ವರ್ಡ್ ಕೇಳುವ ಕಿಟಕಿಯಲ್ಲಿ ಪಿಆರ್‌ಎಫ್ ಎಂಬ ಪಟ್ಟಿ ಇದೆ. ಕಂಟೇನರ್ ಮಾಡುವಾಗ ಆರಿಸಿದ್ದನ್ನೇ ಅಲ್ಲಿ ಆರಿಸಿ, ನನ್ನದು ಎಸ್‌ಎಚ್‌ಎ-512. ಕಾಯುವ ಹೊತ್ತು ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಆ ಲೆಕ್ಕ ಎಷ್ಟು ಸಲ ಆಗಬೇಕೆಂದು ನಿರ್ಧರಿಸುವ ಪಿಐಎಂ ಎಂಬ ಸಂಖ್ಯೆ ಕಮ್ಮಿ ಮಾಡಿದರೂ ವೇಗ ಹೆಚ್ಚುತ್ತದೆ, ಪಾಸ್‌ವರ್ಡ್ 20 ಅಕ್ಷರವೋ ಅದಕ್ಕಿಂತ ಜಾಸ್ತಿಯೋ ಇದ್ದರೆ ಮಾಮೂಲಿ 485ಕ್ಕಿಂತ ಕೆಳಗೆ ಇಳಿಸಲು ಬಿಡುತ್ತದೆ. ನಾನಂತೂ ಇಳಿಸಿಲ್ಲ.

ನನಗೆ ಕಿರಿಕಿರಿ ಅನಿಸುವುದು ಬೇರೆ. ಕಂಟೇನರ್ ತೆರೆದಿರುವಷ್ಟು ಹೊತ್ತು ಅದು ಎಲ್ಲರಿಗೂ ತೆರೆದೇ ಇರುತ್ತದೆ, ವೈರಸ್‌ಗೂ ಸೇರಿ. ಮುಚ್ಚಳ ಮಡಚಿದರೆ ಸಾಕು ಅಂದುಕೊಳ್ಳಬೇಡಿ. ಸ್ಲೀಪ್‌ಗೆ ಹೋದಾಗ, ಸ್ಕ್ರೀನ್ ಲಾಕ್ ಆದಾಗ, ಇಷ್ಟು ನಿಮಿಷ ಬಳಸದಿದ್ದಾಗ ತಾನೇ ಮುಚ್ಚಿಕೊಳ್ಳುವ ಆಯ್ಕೆಗಳು ಪ್ರಿಫರೆನ್ಸಸ್‌ನಲ್ಲಿವೆ. ಹುಡುಕಿ ಟಿಕ್ ಮಾಡಬೇಕು. ಆ ಕಿಟಕಿ ನೋಡಿದರೆ ಹಳೇ ಕಾಲದ ಕಚೇರಿ ಅರ್ಜಿ ನೆನಪಾಗುತ್ತದೆ, ತುಂಬಾ ಖಾನೆಗಳು. ಇನ್ನೊಂದು, ವರ್ಡ್ ಕೆಲಸದ ನಡುವೆ ತಾನೇ ಉಳಿಸಿಕೊಳ್ಳುವ ಆಟೋರಿಕವರ್ ಪ್ರತಿಗಳನ್ನು ಸಿ ಡ್ರೈವ್‌ನಲ್ಲಿ ಇಡುತ್ತದೆ, ಅಂದರೆ ಬೀಗದ ಹೊರಗೆ. ಅದರ ಜಾಗವನ್ನು ಕಂಟೇನರ್ ಒಳಗಿನ ಫೋಲ್ಡರ್‌ಗೆ ಬದಲಾಯಿಸಿ. ಇದು ವೆರಾಕ್ರಿಪ್ಟ್ ತಪ್ಪಲ್ಲ, ಆದರೆ ಇದನ್ನು ಬಿಟ್ಟರೆ ಉಳಿದ ಶ್ರಮ ಅರ್ಧ ನೀರುಪಾಲು.

ಬ್ಯಾಕಪ್ ಮಾಡುವವರಿಗೆ ಒಂದು ಗುಟ್ಟು. ಒಳಗೆ ಎಷ್ಟು ಬರೆದರೂ ಕಂಟೇನರ್ ಫೈಲ್‌ನ ದಿನಾಂಕ ಬದಲಾಗದ ಹಾಗೆ ಮೊದಲಿಂದಲೇ ಸೆಟ್ ಆಗಿರುತ್ತದೆ. ದಿನಾಂಕ ನೋಡಿ ನಕಲು ಮಾಡುವ ಬ್ಯಾಕಪ್ ತಂತ್ರಾಂಶ ‘ಏನೂ ಬದಲಾಗಿಲ್ಲ’ ಅಂತ ದಾಟಿಕೊಂಡು ಹೋಗುತ್ತದೆ. ಆ ಆಯ್ಕೆಯ ಟಿಕ್ ತೆಗೆಯಿರಿ. ಕ್ಲೌಡ್‌ನಲ್ಲೇ ಇಡಬೇಕು ಅನ್ನುವವರಿಗೆ ಕ್ರಿಪ್ಟೊಮೇಟರ್ ಎಂಬ ಇನ್ನೊಂದು ತಂತ್ರಾಂಶ ವಾಸಿ, ಅದು ಫೈಲ್‌ಗಳನ್ನು ಬಿಡಿಬಿಡಿಯಾಗಿ ಎನ್‌ಕ್ರಿಪ್ಟ್ ಮಾಡುತ್ತದೆ. ಫೋನ್‌ನಲ್ಲೂ ತೆರೆಯಬೇಕು ಅನ್ನುವವರಿಗೂ ಅದೇ ಸರಿ. ವೆರಾಕ್ರಿಪ್ಟ್‌ನವರು ಫೋನ್‌ಗೆ ಆ್ಯಪ್ ಮಾಡಿಲ್ಲ. ದಿನಕ್ಕೆ ಹತ್ತು ಸಲ ಪಾಸ್‌ವರ್ಡ್ ಒತ್ತಲು ಬೇಸರ ಪಡುವವರು ಇದರ ತಂಟೆಗೇ ಬರಬೇಡಿ, ಒಂದೇ ವಾರದಲ್ಲಿ ಕಂಟೇನರ್ ಮುಚ್ಚುವುದನ್ನೇ ಬಿಡುತ್ತೀರಿ.

ಹಾಕಿಕೊಳ್ಳುವುದಾದರೆ ಟೂಲ್ಸ್ ಮೆನುವಿನಿಂದ ವಾಲ್ಯೂಮ್ ಹೆಡರ್‌ನ (ಕಂಟೇನರ್ ತೆರೆಯಲು ಬೇಕಾದ ಮಾಹಿತಿ ಇರುವ ಭಾಗ) ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ನಲ್ಲಿಡಿ. ಕಂಟೇನರ್‌ನ ನಕಲನ್ನು ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ತೆರೆದು ನೋಡಿ. ಅದು ತೆರೆದ ಮೇಲೆಯೇ ಹಳೆಯ ಬಿಡಿ ಫೈಲುಗಳನ್ನು ಅಳಿಸಿ. ಫ್ಲ್ಯಾಶ್ ಸ್ಟೋರೇಜ್‌ನಲ್ಲಿ ಅಳಿಸಿದ್ದೆಲ್ಲ ಆ ಕ್ಷಣಕ್ಕೇ ಮಾಯವಾಗುತ್ತದೆ ಎಂಬ ಖಾತ್ರಿ ಇಲ್ಲ. ಹೊಸ ಲ್ಯಾಪ್‌ಟಾಪ್ ಆದರೆ ಮೊದಲು ಕಂಟೇನರ್ ಮಾಡಿ, ಆಮೇಲೆ ಫೈಲ್ ತನ್ನಿ.