ಕಣ ಮಾದರಿಗೆ ಯಾವ ಪ್ರಯೋಗ? ಸಕ್ಕರೆ, ಉಪ್ಪು, ಸ್ಪಿರಿಟ್, ಸಿರಿಂಜ್, ಹಾಲು

ದ್ರವ್ಯ ಕಣಗಳಿಂದಾಗಿದೆ, ಕಣಗಳ ನಡುವೆ ಜಾಗವಿದೆ, ಕಣಗಳು ಸುಮ್ಮನಿರುವುದಿಲ್ಲ. ಹೈಸ್ಕೂಲಿನ ಪಾಠದಲ್ಲಿ ಈ ಮೂರು ಮಾತುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಒಂದೊಂದಕ್ಕೂ ಚಟುವಟಿಕೆ ಇರುತ್ತದೆ. ಎಲ್ಲವನ್ನೂ ಮೇಜಿನ ಮೇಲಿಟ್ಟು ಅಳೆದು ನೋಡಿದರೆ ಅವುಗಳ ತೂಕ ಒಂದೇ ಅಲ್ಲ. ಎಲ್ಲ ಶಾಲೆಯಲ್ಲೂ ಮಾಡುವ ಸಕ್ಕರೆ ನೀರಿನ ಪ್ರಯೋಗವೇ ಇವುಗಳಲ್ಲಿ ಅತಿ ದುರ್ಬಲ.

ಸಕ್ಕರೆಗೆ ಎದುರು ಉಪ್ಪು

ಬೀಕರಿನಲ್ಲಿ ಅರ್ಧ ನೀರು, ಮಟ್ಟಕ್ಕೊಂದು ಗೆರೆ, ಒಂದು ಚಮಚ ಸಕ್ಕರೆ. ಕಲಕಿದ ಮೇಲೆ ‘ಮಟ್ಟ ಏರಲಿಲ್ಲ, ಸಕ್ಕರೆಯ ಕಣಗಳು ನೀರಿನ ಕಣಗಳ ಸಂದಿಯಲ್ಲಿ ಕೂತವು’ ಎನ್ನುವುದು ವಾಡಿಕೆ. ನಿಜಕ್ಕೂ ಮಟ್ಟ ಏರಿರುತ್ತದೆ. 5 ಗ್ರಾಂ ಸಕ್ಕರೆ ಸುಮಾರು 3 ಮಿ.ಲೀ. ಗಾತ್ರ ಕೂಡಿಸುತ್ತದೆ. 100 ಮಿ.ಲೀ. ಬೀಕರಿನ ಅಗಲಕ್ಕೆ ಅದು ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್, ಸ್ಕೆಚ್ ಪೆನ್ನಿನ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ.

ಪ್ರಮಾಣ ಹೆಚ್ಚಿಸಿ, ಅಳತೆ ಜಾಡಿಯಲ್ಲಿ ಮಾಡಿದರೆ ಗುಟ್ಟು ಹೊರಬೀಳುತ್ತದೆ. 80 ಮಿ.ಲೀ. ನೀರಿಗೆ 20 ಗ್ರಾಂ ಸಕ್ಕರೆ ಹಾಕಿದರೆ ಹರಳುಗಳ ಸ್ವಂತ ಗಾತ್ರ 12.6 ಮಿ.ಲೀ., ಪೂರ್ತಿ ಕರಗಿದ ಮೇಲೆ ನೀರು ಏರಿರುವುದು 12.4 ಮಿ.ಲೀ. ಕಾಣೆಯಾದದ್ದು 0.2 ಮಿ.ಲೀ. ಮಾತ್ರ. ಇದನ್ನು ಶಾಲೆಯ ಜಾಡಿಯಲ್ಲಿ ಓದುವುದೇ ಆಗದು. ಚಮಚದಲ್ಲಿ ಸಕ್ಕರೆ ಇದಕ್ಕಿಂತ ಬಹಳ ಹೆಚ್ಚು ಜಾಗ ಹಿಡಿದಂತೆ ಕಂಡರೆ ಅದು ಹರಳುಗಳ ನಡುವಿನ ಗಾಳಿ, ಅಣುಗಳ ನಡುವಿನ ಜಾಗವಲ್ಲ.

ಅದೇ 80 ಮಿ.ಲೀ. ನೀರಿಗೆ 20 ಗ್ರಾಂ ಉಪ್ಪು ಹಾಕಿ. ಹರಳಿನ ಗಾತ್ರ 9.2 ಮಿ.ಲೀ., ಕರಗಿದ ಮೇಲೆ ಏರಿಕೆ 7 ಮಿ.ಲೀ. ಎರಡು ಮಿಲಿಲೀಟರಿಗೂ ಹೆಚ್ಚು ಕುಗ್ಗಿತು! ಪುಡಿ ಉಪ್ಪು ಬೇಡ. ಬೇಗ ಕರಗಿ ಮೊದಲ ಮಟ್ಟ ಓದಲು ಬಿಡುವುದಿಲ್ಲ, ಉಪ್ಪು ಗಂಟುಕಟ್ಟದಂತೆ ಬೆರೆಸಿದ ಪುಡಿ ನೀರನ್ನು ಮಸುಕು ಮಾಡುತ್ತದೆ. ಕಲ್ಲುಪ್ಪು ಹಾಕಿ, ಜಾಡಿಯನ್ನು ತಟ್ಟಿ ಗುಳ್ಳೆ ಬಿಡಿಸಿ, ಕೂಡಲೇ ಓದಿ: 89ರ ಹತ್ತಿರ ಇರುತ್ತದೆ. ಬಾಯಿಗೆ ಪ್ಲಾಸ್ಟಿಕ್ ಬಿಗಿದು ನಿಧಾನವಾಗಿ ಮೇಲೆ ಕೆಳಗೆ ಮಾಡಿ ಕರಗಿಸಿದರೆ 87ಕ್ಕೆ ಇಳಿಯುತ್ತದೆ. 100 ಮಿ.ಲೀ. ಜಾಡಿಯಲ್ಲಿ ಈ ಇಳಿತ ಮೂರೂವರೆ ಮಿಲಿಮೀಟರಿನಷ್ಟು, ಹಿಂದಿನ ಬೆಂಚಿಗೂ ತೋರಿಸಬಹುದು. ಬೀಕರಿನಲ್ಲಾದರೆ ಒಂದೇ ಮಿಲಿಮೀಟರ್. ಸೋಲುವುದು ಬಹುತೇಕ ಪಾತ್ರೆಯ ಅಗಲದಿಂದಲೇ.

ಸ್ಪಿರಿಟ್ ಇನ್ನೂ ಚೆನ್ನ, ಆದರೆ

50 ಮಿ.ಲೀ. ನೀರಿಗೆ 50 ಮಿ.ಲೀ. ಎಥೆನಾಲ್ (ಸ್ಪಿರಿಟ್‌ನಲ್ಲಿರುವ ಆಲ್ಕೋಹಾಲ್) ಸೇರಿಸಿದರೆ ಸಿಗುವುದು 96.5 ಮಿ.ಲೀ. ಮೆಡಿಕಲ್ ಸ್ಟೋರಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಮೊದಲೇ ಸ್ವಲ್ಪ ನೀರಿರುವುದರಿಂದ ಕುಗ್ಗುವಿಕೆ ಇದಕ್ಕಿಂತ ತುಸು ಕಡಿಮೆ. ಶೇ. 70ರ ಸ್ಯಾನಿಟೈಸರ್ ತಂದರೆ ನಿರಾಸೆಯೇ, ಕುಗ್ಗಬೇಕಾದ್ದರಲ್ಲಿ ಹೆಚ್ಚಿನದು ಕಾರ್ಖಾನೆಯಲ್ಲೇ ಕುಗ್ಗಿ ಮುಗಿದಿರುತ್ತದೆ.

ಎರಡು ಕಡೆ ಎಚ್ಚರ ಬೇಕು. ಬೆರೆಸಿದಾಗ ಮಿಶ್ರಣ ಬಿಸಿಯಾಗಿ ಹಿಗ್ಗುತ್ತದೆ, ಕರಗಿದ್ದ ಗಾಳಿ ಗುಳ್ಳೆಯಾಗಿ ಏಳುತ್ತದೆ; ಆರುವ ತನಕ ಕಾದು ಓದಬೇಕು. ಇನ್ನೊಂದು, ಸುರಿದ ಜಾಡಿಯ ಗೋಡೆಗೆ ಅಂಟಿ ಉಳಿಯುವ ದ್ರವ. ಪಕ್ಕದಲ್ಲೇ 50 ನೀರಿಗೆ 50 ನೀರು ಸುರಿದು ತೋರಿಸದಿದ್ದರೆ ಜಾಣ ವಿದ್ಯಾರ್ಥಿ ‘ಚೆಲ್ಲಿಹೋಯ್ತು ಸಾರ್’ ಎನ್ನುತ್ತಾನೆ, ಅವನ ಅನುಮಾನ ನ್ಯಾಯವಾದದ್ದೇ. ಬೆಂಕಿ ಹತ್ತಿರ ಬೇಡ ಎಂದು ಬೇರೆ ಹೇಳಬೇಕಿಲ್ಲ.

ಇದಕ್ಕೆ ಜೊತೆಯಾಗಿ ಕಡಲೆಕಾಳಿನ ಮೇಲೆ ಸಾಸಿವೆ ಸುರಿದು ಅಲ್ಲಾಡಿಸುವ ಮಾದರಿ ಸುಲಭ, ಚೆಂದವೂ ಹೌದು. ಆದರೆ ಅದು ಹೇಳುವುದು ಅರ್ಧ ಸತ್ಯ. ನೀರು, ಆಲ್ಕೋಹಾಲ್ ಕುಗ್ಗುವುದು ಸಣ್ಣದು ದೊಡ್ಡದರ ಸಂದಿಗೆ ಜಾರುವುದರಿಂದಷ್ಟೇ ಅಲ್ಲ. ಅಣುಗಳು ಒಂದನ್ನೊಂದು ಎಳೆದು ಹೊಸದಾಗಿ ಜೋಡಣೆಗೊಳ್ಳುವುದರಿಂದ. ಬಿಸಿಯಾಗುವುದೂ ಅದಕ್ಕೇ. ಸಾಸಿವೆ ಬೆರೆಸಿದರೆ ಕಡಲೆ ಬಿಸಿಯಾಗುವುದಿಲ್ಲವಲ್ಲ.

ಪರ್ಮಾಂಗನೇಟ್: ಬಣ್ಣ ಚೆಂದ, ವಾದ ತೆಳು

ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟಿನ ಎರಡು ಮೂರು ಹರಳು 100 ಮಿ.ಲೀ. ನೀರಿಗೆ, ಅದರಲ್ಲಿ 10 ಮಿ.ಲೀ. ತೆಗೆದು 90 ಮಿ.ಲೀ. ನೀರಿಗೆ, ಹೀಗೆ ಮುಂದಕ್ಕೆ. 5ರಿಂದ 8 ಸಲ ಮಾಡಿ ಎಂಬ ಸೂಚನೆ ಇದೆ. 10 ಮಿಲಿಗ್ರಾಂನಿಂದ ಶುರು ಮಾಡಿದರೆ ಬಿಳಿ ಕಾಗದದ ಮೇಲಿಟ್ಟರೂ ಮೂರು ನಾಲ್ಕನೇ ಸಲಕ್ಕೆ ಗುಲಾಬಿ ಕಣ್ಣಿಗೆ ಸಿಗುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಅದಕ್ಕೂ ಮೊದಲೇ ಕಂದು ತಿರುಗುತ್ತದೆ. ಆರ್‌ಓ ಅಥವಾ ಭಟ್ಟಿ ಇಳಿಸಿದ ನೀರೇ ಆಗಬೇಕು. ಕೈಗೆ ಕಂದು ಕಲೆಯಾದರೆ ವಿಟಮಿನ್ ಸಿ ಮಾತ್ರೆಯನ್ನು ನೀರಿನಲ್ಲಿ ಅರೆದು ಉಜ್ಜಿ.

ದೊಡ್ಡ ಕೊರತೆ ಬೇರೆಯೇ ಇದೆ. ಕಣಗಳೇ ಇಲ್ಲದ, ಎಷ್ಟು ಬೇಕಾದರೂ ತೆಳುವಾಗಬಲ್ಲ ವಸ್ತುವೊಂದಿದ್ದರೂ ಬಣ್ಣ ಹೀಗೇ ತೆಳುವಾಗುತ್ತಿತ್ತು. ಆದ್ದರಿಂದ ಇದು ಕಣಗಳಿವೆ ಎಂಬುದಕ್ಕೆ ಸಾಕ್ಷಿಯಲ್ಲ. ಇದ್ದರೆ ಅವು ಬಹಳ ಚಿಕ್ಕವು ಎನ್ನುವುದಕ್ಕಷ್ಟೇ. ಆ ಮಟ್ಟಿಗೆ ಲೆಕ್ಕ ಸೊಗಸು: 10 ಮಿಲಿಗ್ರಾಂನಲ್ಲಿ ಪರ್ಮಾಂಗನೇಟ್ ಅಯಾನುಗಳು ಸುಮಾರು 3.8 × 10¹⁹. ಅದನ್ನು 38ರ ಮುಂದೆ 18 ಸೊನ್ನೆಯಾಗಿ ಬೋರ್ಡಿನ ಮೇಲೆ ಬರೆದು, ಪ್ರತಿ ಸಲಕ್ಕೂ ಒಂದೊಂದು ಸೊನ್ನೆ ಅಳಿಸುತ್ತ ಹೋಗಿ.

ವಿಸರಣೆಯ ಮೋಸ

ತಣ್ಣೀರು, ಬಿಸಿನೀರಿನ ಲೋಟಗಳಿಗೆ ಶಾಯಿ ಹನಿಸಿ ‘ಬಿಸಿಯಲ್ಲಿ ಕಣಗಳು ಬೇಗ ಓಡುತ್ತವೆ’ ಎನ್ನುವುದು ಇನ್ನೊಂದು ಜನಪ್ರಿಯ ಆಟ. ನೀರಿನಲ್ಲಿ ಶುದ್ಧ ವಿಸರಣೆಯಿಂದ, ಅಂದರೆ ಕಣಗಳು ತಾವಾಗಿಯೇ ಹರಡುವುದರಿಂದ, ಬಣ್ಣ ಒಂದು ಸೆಂಟಿಮೀಟರ್ ಸಾಗಲು ಹತ್ತಾರು ಗಂಟೆ ಬೇಕು. ಎರಡು ನಿಮಿಷದಲ್ಲಿ ಲೋಟವೆಲ್ಲ ಹರಡಿದ್ದು ನೀರಿನ ಸುಳಿ ಮತ್ತು ಸಂವಹನದಿಂದ, ಅಂದರೆ ಬಿಸಿ ನೀರು ಮೇಲೆ, ತಣ್ಣನೆಯದು ಕೆಳಗೆ ಹರಿಯುವುದರಿಂದ. ತೀರ್ಮಾನ ಸರಿ, ಸಾಕ್ಷಿ ತಪ್ಪು.

ಹರಿವನ್ನು ತಡೆಯಲು ನೀರನ್ನು ಗಟ್ಟಿ ಮಾಡಿ. 100 ಮಿ.ಲೀ. ನೀರಿಗೆ 1 ಗ್ರಾಂ ಚೈನಾ ಗ್ರಾಸ್ ಹಾಕಿ ಕುದಿಸಿ, ಎರಡು ಪ್ರನಾಳಗಳಿಗೆ ಸುರಿದು ಆರಿಸಿ. ಮೇಲೆ ಒಂದೊಂದು ಮಿ.ಲೀ. ಅಡುಗೆ ಬಣ್ಣ ಅಥವಾ ಮೈಲುತುತ್ತದ ದ್ರಾವಣ. ಒಂದನ್ನು ಫ್ರಿಜ್‌ನಲ್ಲಿಡಿ, ಇನ್ನೊಂದು ಹೊರಗಿರಲಿ. ಮರುದಿನ ಹೊರಗಿನದರಲ್ಲಿ ಬಣ್ಣ ಒಂದೆರಡು ಸೆಂಟಿಮೀಟರ್ ಇಳಿದಿರುತ್ತದೆ, ಫ್ರಿಜ್‌ನದರಲ್ಲಿ ಅದರ ಮುಕ್ಕಾಲು ಭಾಗದಷ್ಟು. ಇಲ್ಲಿ ಮಾತ್ರ ಪರ್ಮಾಂಗನೇಟ್ ಬಳಸಬೇಡಿ, ಅದು ಚೈನಾ ಗ್ರಾಸನ್ನೇ ಉತ್ಕರ್ಷಿಸಿ ಕಂದು ಕೆಸರಾಗುತ್ತದೆ.

ಸಿರಿಂಜ್

ಖರ್ಚಿಗೆ ಹೋಲಿಸಿದರೆ ಅತಿ ಲಾಭದ್ದು ಇದೇ. ಸೂಜಿ ತೆಗೆದ ಸಿರಿಂಜಿನಲ್ಲಿ ಗಾಳಿ ತುಂಬಿ ತುದಿ ಮುಚ್ಚಿ ಒತ್ತಿದರೆ ಅರ್ಧಕ್ಕಿಳಿಯುತ್ತದೆ, ನೀರು ಕದಲುವುದಿಲ್ಲ. ಪಠ್ಯದಲ್ಲಿ ಹೇಳುವ 100 ಮಿ.ಲೀ. ಸಿರಿಂಜ್ ಬೇಡ. ಗಾಳಿಯನ್ನು ಅರ್ಧಕ್ಕೆ ಒತ್ತಲು 5 ಮಿ.ಲೀ. ಸಿರಿಂಜಿಗೆ ಒಂದು ಕಿಲೋ ಭಾರದಷ್ಟು ಬಲ ಸಾಕು, 20 ಮಿ.ಲೀ.ಯದಕ್ಕೆ ಮೂರು ಕಿಲೋ, 50ರದಕ್ಕೆ ಆರೇಳು. ಮಕ್ಕಳ ಹೆಬ್ಬೆರಳಿಗೆ 5 ಅಥವಾ 10 ಸರಿ. ನೀರಿನ ಸಿರಿಂಜಿನಲ್ಲಿ ಒಂದು ಗುಳ್ಳೆ ಉಳಿದರೂ ಪಿಸ್ಟನ್ ಜಾರುತ್ತದೆ. ತುದಿ ಮೇಲೆ ಮಾಡಿ ತಟ್ಟಿ ಹೊರಹಾಕಿ. ಮೂರನೆಯದರಲ್ಲಿ ಸೀಮೆಸುಣ್ಣದ ಚೂರು ತುಂಬಿ ‘ಘನ ಒತ್ತಲಾಗದು’ ಎನ್ನುವ ಭಾಗ ಕೈಬಿಡಿ, ಚೂರುಗಳ ನಡುವಿನ ಗಾಳಿ ಒತ್ತಿಕೊಂಡು ಉಲ್ಟಾ ಫಲ ಬರುತ್ತದೆ.

ಒತ್ತುವ ಮೊದಲು, ಒತ್ತಿದ ಮೇಲೆ ಕಣಗಳ ಚಿತ್ರ ಬರೆಸಿ. ಕೆಲವರು ಕಣವನ್ನೇ ಸಣ್ಣದು ಮಾಡಿರುತ್ತಾರೆ, ಕೆಲವರು ಎಲ್ಲವನ್ನೂ ತುದಿಗೆ ತಳ್ಳಿರುತ್ತಾರೆ. ಪಾಠ ನಿಜವಾಗಿ ಶುರುವಾಗುವುದು ಅಲ್ಲಿ. ನೀರು ಆವಿಯಾದಾಗ ಗಾತ್ರ ಸುಮಾರು 1700 ಪಟ್ಟು ಆಗುತ್ತದೆ, ಅಂದರೆ ಕಣಗಳ ನಡುವಿನ ದೂರ 12 ಪಟ್ಟು. ಅಚ್ಚಾದ ಚಿತ್ರಗಳಲ್ಲಿ ಅಷ್ಟು ದೂರ ಬಿಡುವುದು ಅಪರೂಪ, ದ್ರವದ ಕಣಗಳನ್ನು ಮಾತ್ರ ಬೇಡದಷ್ಟು ಚದುರಿಸಿರುತ್ತಾರೆ.

ಸೂಕ್ಷ್ಮದರ್ಶಕ ಇದ್ದರೆ ಹಾಲು

ಕಣಗಳ ಚಲನೆಗೆ ಇದರಷ್ಟು ನೇರ ಸಾಕ್ಷಿ ಶಾಲೆಯಲ್ಲಿ ಬೇರೆ ಸಿಗದು. ಹೋಮೊಜಿನೈಸ್ಡ್ ಎಂದು ಬರೆದ ಪ್ಯಾಕೆಟ್ ಹಾಲಿನ ಒಂದು ಹನಿಗೆ 20 ಮಿ.ಲೀ. ನೀರು; ಹಸಿ ಹಾಲಿನ ಕೊಬ್ಬಿನ ಗುಳಿಗೆಗಳು ದಪ್ಪ, ಅಷ್ಟು ಕುಣಿಯುವುದಿಲ್ಲ. ಕವರ್ ಸ್ಲಿಪ್‌ನ ಅಂಚಿಗೆ ವ್ಯಾಸಲಿನ್ ಹಚ್ಚಿ ಮುಚ್ಚಿ, 400 ಪಟ್ಟು ಹಿಗ್ಗಿಸಿ, ಡಯಾಫ್ರಮ್ (ಬೆಳಕು ಬರುವ ಕಿಂಡಿ) ಕಿರಿದು ಮಾಡಿ ನೋಡಿ. ಎಲ್ಲ ಗುಳಿಗೆಗಳೂ ಒಂದೇ ದಿಕ್ಕಿಗೆ ತೇಲುತ್ತಿದ್ದರೆ ಅಂಚು ಸೋರುತ್ತಿದೆ. ಒಂದೊಂದೂ ತನ್ನ ಪಾಡಿಗೆ ನಡುಗುತ್ತಿದ್ದರೆ ಅದೇ ಬ್ರೌನಿಯನ್ ಚಲನೆ. ಐಪೀಸಿಗೆ ಮೊಬೈಲ್ ಹಿಡಿದರೆ ಇಡೀ ತರಗತಿ ಒಟ್ಟಿಗೆ ನೋಡಬಹುದು. ಕಾಣುವುದು ಅಣುವಲ್ಲ, ಅಣುಗಳ ಗುದ್ದಿಗೆ ಸಿಕ್ಕ ಗುಳಿಗೆ ಎಂಬುದನ್ನು ಎರಡು ಸಲ ಹೇಳಿ. ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗುಳಿಗೆಯ ಮುಂದೆ ನೀರಿನ ಅಣು ಮೂರು ಸಾವಿರ ಪಟ್ಟು ಚಿಕ್ಕದು.

‘ಅದು ಜೀವ ಇರೋದಕ್ಕೆ ಅಲ್ಲಾಡ್ತಿದೆ’ ಎಂಬ ಮಾತು ಬಂದೇ ಬರುತ್ತದೆ. 1827ರಲ್ಲಿ ಪರಾಗದೊಳಗಿನ ಕಣಗಳನ್ನು ನೋಡುತ್ತಿದ್ದ ರಾಬರ್ಟ್ ಬ್ರೌನ್‌ಗೂ ಅದೇ ಅನುಮಾನ ಬಂದು, ಗಾಜು, ಕಲ್ಲುಗಳ ಪುಡಿಯನ್ನೂ ಪರೀಕ್ಷಿಸಿದ್ದರು. ಶಾಲೆಯಲ್ಲಿ ಕಲ್ಲು ಅರೆಯಬೇಕಿಲ್ಲ, ಚಿತ್ರಕಲೆಯ ಕಪ್ಪು ಇಂಡಿಯನ್ ಇಂಕ್ ಒಂದು ಹನಿಯನ್ನು ನೀರಿಗೆ ಬೆರೆಸಿ ಇನ್ನೊಂದು ಸ್ಲೈಡ್ ಮಾಡಿ. ಮಸಿಯ ಇಂಗಾಲಕ್ಕೆ ಜೀವವಿಲ್ಲ. ಹಾಲು ಮರುದಿನಕ್ಕೆ ಒಡೆಯುತ್ತದೆ, ಇಂಕಿನ ಸ್ಲೈಡನ್ನು ಮಾತ್ರ ಎತ್ತಿಟ್ಟು ನಾಳೆಯ ತರಗತಿಯಲ್ಲೂ ತೋರಿಸಿ: ಕೆಲವು ಕಣ ಗಾಜಿಗೆ ಅಂಟಿರುತ್ತವೆ, ಉಳಿದವು ಆಗಲೂ ನಡುಗುತ್ತಿರುತ್ತವೆ.